ಕೇಳದೆ ಬಂದ ಕೊಳ್ಳುಗ



ಶಹಾಬಾದಿನಲ್ಲಿ ಕಲ್ಲಿನ ವ್ಯಾಪಾರ ಮಾಡುವ ನನ್ನ ಸೋದರಳಿಯ 2023ರ ಜೂನ್ ತಿಂಗಳ ಒಂದು ಬೆಳಿಗ್ಗೆ ವಾಡಿ ಜಂಕ್ಷನ್ನಿನಲ್ಲಿ ಗಾಡಿ ಬದಲಿಸಿ ಸೇಡಮಿಗೆ ಬಂದು, ನಮ್ಮ ಮನೆಯ ಪಡಸಾಲೆಯಲ್ಲಿ ಕುಳಿತು, ಚಹಾ ಬರುವುದಕ್ಕೂ ಮುಂಚೆಯೇ ತನ್ನ ಫೋನನ್ನು ನನ್ನ ಕೈಗಿಟ್ಟ. "ಮಾಮಾ, ನಮ್ಮ ಹೆಸರಿಗಿ ಒಂಬತ್ತು ಸಾವಿರ ಡಾಲರ್ ಕೊಡ್ತೀನಂತ ಬರದಾರ. ಓದಿ ನೋಡ್ರಿ" ಎಂದ. ಮಾತಿನಲ್ಲಿ ಹಿಗ್ಗು ಇತ್ತು. ಆದರೆ ಮುಖದಲ್ಲಿ ಇರಲಿಲ್ಲ. ಹಿಗ್ಗಿದ ಮನುಷ್ಯ ಗಾಡಿ ಬದಲಿಸಿ ಬರುವುದಿಲ್ಲ, ಫೋನಿನಲ್ಲಿಯೇ ಹೇಳುತ್ತಾನೆ ಎಂದು ನನಗೆ ಆಗಲೇ ಅನಿಸಿತು.

ಹೆಸರು ಎಂದರೆ ಇಲ್ಲಿ ಮನುಷ್ಯನ ಹೆಸರಲ್ಲ, ಅಂತರಜಾಲದ ವಿಳಾಸ. ಡೊಮೇನ್ ಹೆಸರು ಎಂದು ಎಲ್ಲರೂ ಕರೆಯುವ ವಸ್ತು. ಅಂಗಡಿಯ ಮೇಲಿನ ಫಲಕದಲ್ಲಿ ಬರೆಸುವ ಹೆಸರಿನ ಹಾಗೆಯೇ ಇದೂ ಒಂದು; ಆದರೆ ಒಂದು ವ್ಯತ್ಯಾಸವುಂಟು. ಫಲಕದ ಮೇಲಿನ ಹೆಸರನ್ನು ಪಕ್ಕದ ಬೀದಿಯವನೂ ಬರೆಸಬಹುದು. ಜಾಲದ ಹೆಸರು ಲೋಕಕ್ಕೆಲ್ಲ ಒಂದೇ. ಅದು ನಮ್ಮ ಸ್ವಂತದ್ದೂ ಅಲ್ಲ. ನಗರಸಭೆಯ ಮಳಿಗೆಯಂತೆ ವರ್ಷವರ್ಷ ಹಣ ಕಟ್ಟಿ ಹಿಡಿದಿಟ್ಟುಕೊಳ್ಳತಕ್ಕದ್ದು. ಡಾಟ್ ಕಾಮ್ ಮುಂತಾದ ಹೆಸರುಗಳನ್ನು ಒಮ್ಮೆಗೆ ಹತ್ತು ವರ್ಷಗಳ ಆಚೆಗೆ ಕಾದಿರಿಸಲು ಬರುವುದಿಲ್ಲ. ಈ ವ್ಯವಸ್ಥೆಯ ಮೇಲ್ವಿಚಾರಣೆಗೆಂದು ಅಮೆರಿಕದಲ್ಲಿ 1998ರಲ್ಲಿ ಐಕ್ಯಾನ್ ಎಂಬ ಸಂಸ್ಥೆ ಹುಟ್ಟಿತು. ನಮ್ಮ ದೇಶದ ಡಾಟ್ ಇನ್ ಹೆಸರುಗಳನ್ನು ನ್ಯಾಷನಲ್ ಇಂಟರ್ನೆಟ್ ಎಕ್ಸ್‌ಚೇಂಜ್ ಆಫ್ ಇಂಡಿಯಾ ನೋಡಿಕೊಳ್ಳುತ್ತದೆ. 2005ರಿಂದ ಅವು ಜನಸಾಮಾನ್ಯರಿಗೆಲ್ಲ ಸುಲಭವಾಗಿ ದೊರೆಯತೊಡಗಿದವು. ಈಗ ಕನ್ನಡ ಲಿಪಿಯಲ್ಲಿಯೇ 'ಭಾರತ' ಎಂದು ಕೊನೆಗೊಳ್ಳುವ ಹೆಸರುಗಳೂ ಉಂಟು. ನಮ್ಮ ಕಡೆಯ ಅಂಗಡಿಗಳಲ್ಲಿ ನಾನು ಅದನ್ನು ಇನ್ನೂ ಕಂಡಿಲ್ಲ ಎಂಬ ಮಾತು ಬೇರೆ.

ಸೇಡಂ ನಗರದ ಕಾಲೇಜೊಂದರಲ್ಲಿ ವಾಣಿಜ್ಯಶಾಸ್ತ್ರ ಬೋಧಿಸಿ ನಿವೃತ್ತನಾದ ನಾನು, ಆ ಹೆಮ್ಮೆಯ ಭರದಲ್ಲಿ, 2013ರಲ್ಲಿ ಅಳಿಯನಿಗಾಗಿ ಎರಡು ಹೆಸರುಗಳನ್ನು ನೋಂದಾಯಿಸಿದ್ದೆ. ಒಂದು, ಅವರ ಮನೆತನದ ಅಡ್ಡಹೆಸರಿಗೆ ಕಲ್ಲು ಎಂಬರ್ಥದ ಇಂಗ್ಲಿಷ್ ಶಬ್ದವನ್ನು ಕೂಡಿಸಿದ್ದು. ಇನ್ನೊಂದು, ಊರಿನ ಹೆಸರಿಗೂ ಕಲ್ಲಿಗೂ ಗಂಟು ಹಾಕಿದ್ದು. ಆ ಹೆಸರುಗಳನ್ನು ಇಲ್ಲಿ ಅಕ್ಷರಶಃ ಹೇಳಲು ಹೋಗುವುದಿಲ್ಲ. ಹೇಳಿದರೆ ಅಳಿಯನಿಗೆ ನಾಳೆಯೇ ಇನ್ನೂ ನಾಲ್ಕು ಪತ್ರ ಬಂದಾವು.

ಊರಿನ ಹೆಸರಿಗೆ ಬೆಲೆ ಉಂಟೇ ಎಂದು ನೀವು ಕೇಳಬಹುದು. ಶಹಾಬಾದಿನ ಮಟ್ಟಿಗೆ ಖಂಡಿತವಾಗಿ ಉಂಟು. ಭೀಮಾ ಕಣಿವೆಯ ಈ ಸುಣ್ಣದ ಕಲ್ಲು ಭೂಮಿಯೊಳಗೆ ಪುಸ್ತಕದ ಹಾಳೆಗಳಂತೆ ಪದರುಪದರಾಗಿ ಮಲಗಿದೆ. ಉಳಿ ಬಡಿದರೆ ತಾನಾಗಿಯೇ ಹಾಸುಗಲ್ಲಾಗಿ ಏಳುತ್ತದೆ. ಮುಂಬಯಿ, ಪುಣೆಗಳ ಹಳೆಯ ಮನೆಗಳ ಅಡುಗೆಮನೆಯಲ್ಲಿ, ಅಂಗಳದಲ್ಲಿ ಕಾಲಿಡುವವರು ಅದನ್ನು 'ಶಹಾಬಾದಿ' ಎಂದೇ ಕರೆಯುತ್ತಾರೆ; ಆ ಹೆಸರಿನ ಊರೊಂದು ಉಂಟೆಂದು ಅವರಲ್ಲಿ ಅನೇಕರಿಗೆ ತಿಳಿದಿರಲಾರದು. ಇಂತಹುದೇ ಸುಣ್ಣದ ಕಲ್ಲು ವಾಡಿಯಲ್ಲಿ, ಸೇಡಮಿನಲ್ಲಿ ಸಿಮೆಂಟಾಗುತ್ತದೆ. ಗಡಿಯಾಚೆ ತೆಲಂಗಾಣಕ್ಕೆ ಹೋದರೆ 'ತಾಂಡೂರು ಕಲ್ಲು' ಎಂಬ ಹೆಸರು ಹೊತ್ತು ಮಾರಾಟವಾಗುತ್ತದೆ. ಆದುದರಿಂದ ಊರಿನ ಹೆಸರುಳ್ಳ ಆ ಎರಡನೆಯ ವಿಳಾಸವನ್ನು ಯಾವನಾದರೂ ಕಲ್ಲಿನ ವ್ಯಾಪಾರಿ ಬಯಸಿದರೆ ಅದರಲ್ಲಿ ಆಶ್ಚರ್ಯವಿರಲಿಲ್ಲ. ಈ ಸರಳ ವಿಚಾರ ನನಗೆ ಹೊಳೆಯಬೇಕಾದ ಹೊತ್ತಿನಲ್ಲಿ ಹೊಳೆಯಲಿಲ್ಲ. ಆ ಕಥೆಯನ್ನು ಮೊದಲು ಹೇಳಿಬಿಡುತ್ತೇನೆ.

2016ರ ಸೆಪ್ಟೆಂಬರಿನಲ್ಲಿ ಅಳಿಯನಿಗೆ ಒಂದು ಮಿಂಚಂಚೆ ಬಂದಿತ್ತು. ಪುಣೆಯಿಂದ. ಎರಡೇ ಸಾಲು, ಇಂಗ್ಲಿಷು ಮುರಿದು ಬಿದ್ದಿತ್ತು. ಊರಿನ ಹೆಸರಿನ ವಿಳಾಸ ತನಗೆ ಬೇಕೆಂದೂ, ನಲವತ್ತು ಸಾವಿರ ರೂಪಾಯಿ ಕೊಡುವೆನೆಂದೂ, ಮಾತನಾಡಬೇಕೆಂದೂ ಬರೆದು ಕೆಳಗೆ ಫೋನ್ ಸಂಖ್ಯೆ ಕೊಟ್ಟಿದ್ದ. ಕಂಪನಿಯ ಮುದ್ರೆಯಿಲ್ಲ, ಪದವಿಯಿಲ್ಲ, ಯಾರು ಬೇಕಾದರೂ ಪುಕ್ಕಟೆಯಾಗಿ ತೆರೆಯಬಹುದಾದ ಅಂಚೆ ಖಾತೆ. ಅಳಿಯ ನನ್ನನ್ನು ಎರಡು ಸಲ ಕೇಳಿದ. ಕೆಲವು ನೂರು ರೂಪಾಯಿಯ ವಸ್ತುವಿಗೆ ನಲವತ್ತು ಸಾವಿರ ಕೊಡುವ ಮನುಷ್ಯ ಪ್ರಾಮಾಣಿಕನಾಗಿರಲಾರ ಎಂದು ನಾನು ತೀರ್ಪು ಕೊಟ್ಟೆ. ಉತ್ತರ ಬರೆಯಲಿಲ್ಲ. ಎರಡು ತಿಂಗಳ ತರುವಾಯ ನೋಟು ರದ್ದಾಗಿ, ಕಲ್ಲಿನ ಕಣಿಗಳೂ ಪಾಲಿಶ್ ಯಂತ್ರಗಳೂ ನಿಂತು, ಯಂತ್ರದ ಸಾಲದ ಕಂತು ಕಟ್ಟಲು ಅಳಿಯ ನನ್ನ ತಂಗಿಯ ಬಳೆಗಳನ್ನು ಒತ್ತೆ ಇಟ್ಟ. 2018ರಲ್ಲಿ, ಖರ್ಚು ಉಳಿಸುವ ನೆವದಿಂದ, ಆ ಎರಡನೆಯ ಹೆಸರನ್ನು ನವೀಕರಿಸದೆ ಬಿಟ್ಟೆವು. ಕೆಲವೇ ವಾರಗಳಲ್ಲಿ ಅದನ್ನು ಯಾರೋ ಅಪರಿಚಿತರು ಹಿಡಿದುಕೊಂಡರು.

2019ರ ಚಳಿಗಾಲದಲ್ಲಿ ಪುಣೆಯ ಆ ಮನುಷ್ಯ ಶಹಾಬಾದಿಗೆ ಬಂದಿದ್ದ. ಅಳಿಯನ ಅಂಗಡಿಗಲ್ಲ, ನೆರೆಯ ಅಂಗಡಿಗೆ. ನಾಲ್ಕು ಲಾರಿ ಕಲ್ಲಿಗೆ ಬಯಾನ ಕೊಟ್ಟು, ಚಹಾ ಕುಡಿಯುತ್ತ, ಅಳಿಯನ ಫಲಕದ ಕಡೆ ನೋಡಿ, "ನಿಮಗೊಮ್ಮೆ ಬರೆದಿದ್ದೆ, ಉತ್ತರ ಬರಲಿಲ್ಲ" ಎಂದು ಹಿಂದಿಯಲ್ಲಿ ಹೇಳಿದನಂತೆ. ಸಿಟ್ಟಿನಿಂದಲ್ಲ, ಸುಮ್ಮನೆ. ಅಳಿಯ ಇದನ್ನು ನನಗೆ ಹೇಳಿದಾಗ ನಾನು ಏನೂ ಮಾತನಾಡಲಿಲ್ಲ. ಮಾತನಾಡುವುದಕ್ಕೆ ಏನಿತ್ತು?

ಈಗ 2023ರ ಪತ್ರಕ್ಕೆ ಬರೋಣ. ಅದು ಇನ್ನೊಂದು ಹೆಸರಿಗೆ, ಮನೆತನದ ಅಡ್ಡಹೆಸರುಳ್ಳ ವಿಳಾಸಕ್ಕೆ ಬಂದದ್ದು. ನಯವಾದ ಇಂಗ್ಲಿಷು, ಒಂದು ಅಲ್ಪವಿರಾಮವೂ ತಪ್ಪಿರಲಿಲ್ಲ. ವಿದೇಶದ ಹೂಡಿಕೆದಾರರೊಬ್ಬರ ಪರವಾಗಿ ಬರೆಯುತ್ತಿರುವೆನೆಂದೂ, ಒಂಬತ್ತು ಸಾವಿರ ಡಾಲರು ಅಂದರೆ ಅಂದಿನ ಲೆಕ್ಕದಲ್ಲಿ ಸುಮಾರು ಏಳು ಲಕ್ಷದ ನಲವತ್ತು ಸಾವಿರ ರೂಪಾಯಿ ಕೊಡಲು ಸಿದ್ಧರೆಂದೂ, ಈ ಹಿಂದೆ ಹೆಸರುಗಳನ್ನು ಮಾರಿದ ಅನುಭವ ಉಂಟೋ ಎಂದೂ ವಿಚಾರಿಸಿದ್ದರು. ಅಳಿಯ ಇಲ್ಲವೆಂದು ಬರೆದ. ಆ ಪ್ರಶ್ನೆ ಏಕೆ ಬಂತೆಂದು ನನಗೆ ಆಮೇಲೆ ಅರ್ಥವಾಯಿತು: ಅನುಭವವಿದ್ದವನ ಹತ್ತಿರ ಮುಂದಿನ ಮಾತು ನಡೆಯುವುದಿಲ್ಲ. ಎರಡನೆಯ ಪತ್ರದಲ್ಲಿ, ಹೂಡಿಕೆದಾರರ ಸಮಾಧಾನಕ್ಕಾಗಿ ಒಂದು ಮೌಲ್ಯಮಾಪನ ಪ್ರಮಾಣಪತ್ರ ಬೇಕು, ಯಂತ್ರ ಹಾಕಿಕೊಡುವ ಬೆಲೆ ನಡೆಯದು, ಇಂತಹ ಸಂಸ್ಥೆಯದೇ ಆಗಬೇಕು, ಅದರ ಶುಲ್ಕ 140 ಡಾಲರು, ಅದನ್ನು ನಂತರ ಬೆಲೆಯೊಂದಿಗೆ ಸೇರಿಸಿ ಕೊಡಲಾಗುವುದು ಎಂದಿತ್ತು.

"ಹಣ ಕಟ್ಟಿದೆಯೇನು?" ಎಂದು ಕೇಳಿದೆ.

ಅಳಿಯ ತಲೆ ತಗ್ಗಿಸಿದ. ಕಟ್ಟಿದ್ದ. ಹನ್ನೊಂದೂವರೆ ಸಾವಿರ ರೂಪಾಯಿ. ಪ್ರಮಾಣಪತ್ರವೂ ಬಂದಿತ್ತು, ಹೆಸರಿಗೆ ಹದಿನಾಲ್ಕು ಸಾವಿರ ಡಾಲರು ಬೆಲೆ ಬಾಳುತ್ತದೆ ಎಂದು ಚಿನ್ನದ ಬಣ್ಣದ ಅಂಚಿನೊಳಗೆ ಮುದ್ರಿಸಿ ಕಳಿಸಿದ್ದರು. ಈಗ ಮೂರನೆಯ ಪತ್ರ ಬಂದು, ಟ್ರೇಡ್‌ಮಾರ್ಕಿನ ತಕರಾರು ಇಲ್ಲವೆಂಬ ಇನ್ನೊಂದು ಪತ್ರಕ್ಕೆ 310 ಡಾಲರು ಕೇಳುತ್ತಿತ್ತು. ಅಲ್ಲಿಗೆ ಅವನಿಗೆ ಅನುಮಾನ ಹುಟ್ಟಿ, ಗಾಡಿ ಹತ್ತಿದ್ದ.

"ಮೊದಲೇ ನನಗ ಯಾಕ ಕೇಳಲಿಲ್ಲ?" ಎಂದೆ.

"ಹಿಂದಿನ ಸಲ ನಿಮಗ ಕೇಳಿದ್ದಕ್ಕೇ ನಲವತ್ತು ಸಾವಿರ ಹೋಯ್ತಲ್ರಿ, ಮಾಮಾ" ಎಂದ.

ಕೇಳುಗರೇ, ಮೂವತ್ತು ವರ್ಷ ವಾಣಿಜ್ಯಶಾಸ್ತ್ರ ಬೋಧಿಸಿದವನಿಗೆ ಇದಕ್ಕಿಂತ ನೇರವಾದ ಪರೀಕ್ಷಾ ಫಲಿತಾಂಶ ದೊರೆಯಲಾರದು. ನಿಜವಾದ ಪತ್ರವನ್ನು ಸುಳ್ಳೆಂದು ನಾನು ಎಸೆದೆ. ಆ ಕಾರಣಕ್ಕಾಗಿಯೇ ಸುಳ್ಳಾದ ಪತ್ರವನ್ನು ನಿಜವೆಂದು ಅವನು ನಂಬಿದ. ನನ್ನ ತಪ್ಪು ಎಲ್ಲಿತ್ತೆಂದರೆ, ಎರಡು ಸಲವೂ ನಾವು ಪತ್ರದ ಮುಖವನ್ನು ನೋಡಿದೆವು. ಮುರುಕು ಇಂಗ್ಲಿಷು, ಮುದ್ರೆಯಿಲ್ಲದ ಕಾಗದ, ಅಪರಿಚಿತನ ಕೈ ಇವೆಲ್ಲ ವಂಚನೆಯ ಗುರುತೆಂದು ಭಾವಿಸಿದೆವು. ಸಣ್ಣ ವ್ಯಾಪಾರಿ ಹಾಗೆಯೇ ಬರೆಯುತ್ತಾನೆ. ದೊಡ್ಡ ಕಂಪನಿ ಕೊಳ್ಳುವುದಾದರೂ ತನ್ನ ಹೆಸರು ಮರೆಮಾಡಿ ದಲ್ಲಾಳಿಯ ಮೂಲಕವೇ ಬರೆಸುವುದು ವಾಡಿಕೆ, ಏಕೆಂದರೆ ಕೊಳ್ಳುವವನು ಸಿರಿವಂತನೆಂದು ತಿಳಿದರೆ ಬೆಲೆ ಏರುತ್ತದೆ. ಆದುದರಿಂದ ಹೆಸರು ಹೇಳದಿರುವುದು ಕೂಡ ತಾನೇ ಒಂದು ಅಪರಾಧವಲ್ಲ. ಇನ್ನು ನಯವಾದ ಇಂಗ್ಲಿಷನ್ನು ಈಗ ಯಂತ್ರವೇ ಬರೆದುಕೊಡುತ್ತದೆ.

ನೋಡಬೇಕಾದದ್ದು ಬೇರೆ. ಮೊದಲನೆಯದಾಗಿ, ಈ ಹೆಸರು ಅವನಿಗೆ ಏಕೆ ಬೇಕು? ಶಹಾಬಾದಿನ ಹೆಸರು ಕಲ್ಲಿನ ವ್ಯಾಪಾರಿಗೆ ಬೇಕಾದೀತು. ನನ್ನ ಬೀಗರ ಮನೆತನದ ಅಡ್ಡಹೆಸರು ವಿದೇಶದ ಹೂಡಿಕೆದಾರನಿಗೆ ಯಾವ ಉಪಯೋಗಕ್ಕೆ ಬಂದೀತು? 2019ರಲ್ಲಿ ವಾಯ್ಸ್ ಡಾಟ್ ಕಾಮ್ ಎಂಬ ಹೆಸರು ಮೂರು ಕೋಟಿ ಡಾಲರಿಗೆ ಮಾರಾಟವಾದದ್ದು ನಿಜ. ಇಂತಹ ಸುದ್ದಿ ಓದಿಯೇ ಜನ ಆಸೆಪಡುತ್ತಾರೆ. ಆದರೆ ಅದು 'ದನಿ' ಎಂಬರ್ಥದ, ಇಂಗ್ಲಿಷ್ ಬಲ್ಲವರೆಲ್ಲ ಅರಿತ ಶಬ್ದ. ನಮ್ಮ ಅಡ್ಡಹೆಸರನ್ನು ಚಿತ್ತಾಪುರ ದಾಟಿದರೆ ಸರಿಯಾಗಿ ಉಚ್ಚರಿಸುವವರೂ ಸಿಗುವುದಿಲ್ಲ.

ಎರಡನೆಯದು ಹಣದ ದಾರಿ. ನನ್ನ ಮಟ್ಟಿಗೆ ಇದೇ ಮುಖ್ಯ. ನಮ್ಮ ಸೇಡಂ, ಚಿಂಚೋಳಿ ಸೀಮೆಯ ತೊಗರಿ ವ್ಯಾಪಾರವನ್ನೇ ನೋಡಿ. ಎತ್ತಿನ ಸಂತೆಯಲ್ಲಾಗಲಿ, ಹೊಲದ ಮಾತುಕತೆಯಲ್ಲಾಗಲಿ, ಸಂಚಕಾರ ಅಥವಾ ಬಯಾನ ಎಂಬುದು ಕೊಳ್ಳುವವನ ಕೈಯಿಂದ ಮಾರುವವನ ಕೈಗೆ ಹೋಗುತ್ತದೆ. ಎತ್ತು ಕೊಳ್ಳಲು ಬಂದವನು, "ಎತ್ತಿನ ಹಲ್ಲು ನೋಡಲು ಇಂತಹ ವೈದ್ಯನೇ ಬರಬೇಕು, ಅವನ ಫೀಸು ಮೊದಲು ನೀನು ಕೊಡು, ಆಮೇಲೆ ಎತ್ತಿನ ಬೆಲೆಯಲ್ಲಿ ಸೇರಿಸಿ ಕೊಡುತ್ತೇನೆ" ಎಂದರೆ ನಮ್ಮ ರೈತ ನಕ್ಕು ಎತ್ತನ್ನು ಹೊಡೆದುಕೊಂಡು ಹೋಗುತ್ತಾನೆ. ಅದೇ ರೈತನ ಮಗ ಫೋನಿನಲ್ಲಿ ಅದೇ ಮಾತನ್ನು ಇಂಗ್ಲಿಷಿನಲ್ಲಿ ಓದಿದಾಗ ಹಣ ಕಟ್ಟುತ್ತಾನೆ. ವಸ್ತುವಿನ ಬೆಲೆ ತಿಳಿಯಬೇಕಾದ ಗರಜು ಇದ್ದರೆ ಅದು ಕೊಳ್ಳುವವನಿಗೆ, ಖರ್ಚೂ ಅವನದೇ.

ಚಿಂಚೋಳಿಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಟ್ರ್ಯಾಕ್ಟರಿನ ಚಿತ್ರವುಳ್ಳ ಹಳೆಯ ಐದು ರೂಪಾಯಿ ನೋಟನ್ನು ಲಕ್ಷಗಟ್ಟಲೆಗೆ ಕೊಳ್ಳುವೆನೆಂದವನಿಗೆ ನೋಂದಣಿ ಶುಲ್ಕ, ತೆರಿಗೆ ಎಂದು ಮೂರು ಕಂತು ಕಟ್ಟಿ ಕಳೆದುಕೊಂಡ. ಇಂತಹ ಹಳೆಯ ನೋಟು, ನಾಣ್ಯಗಳ ವ್ಯವಹಾರದಲ್ಲಿ ತನ್ನ ಹೆಸರು ಹೇಳಿ ಶುಲ್ಕ, ತೆರಿಗೆ ಕೇಳುವವರಿದ್ದಾರೆ, ತನಗೂ ಅದಕ್ಕೂ ಸಂಬಂಧವಿಲ್ಲ ಎಂದು ರಿಸರ್ವ್ ಬ್ಯಾಂಕು 2021ರ ಆಗಸ್ಟಿನಲ್ಲಿ ಪ್ರಕಟಣೆ ಹೊರಡಿಸಿತ್ತು. ಚಿತ್ತಾಪುರದ ಹತ್ತಿರ ಒಬ್ಬರಿಗೆ ಹೊಲದಲ್ಲಿ ಮೊಬೈಲ್ ಟವರ್ ನಿಲ್ಲಿಸುವ ಆಸೆ ತೋರಿಸಿ ನಿರಾಕ್ಷೇಪಣಾ ಪತ್ರದ ಶುಲ್ಕ ಕೇಳಿದ್ದರು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು ತಾನು ಅಂತಹ ಪತ್ರವನ್ನು ಕೊಡುವುದೇ ಇಲ್ಲ ಎಂದು ಪದೇ ಪದೇ ಹೇಳುತ್ತ ಬಂದಿದೆ. ನೋಟು, ಟವರು, ಡೊಮೇನ್ ಹೆಸರು: ವಸ್ತು ಬೇರೆ ಬೇರೆ, ಹಣ ಹರಿಯುವ ದಿಕ್ಕು ಒಂದೇ.

ಅಂದು ಮಧ್ಯಾಹ್ನ ಅಳಿಯನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಕೆಲಸ ಮಾಡಿದೆ. ಪ್ರತಿಯೊಂದು ಡೊಮೇನ್ ಹೆಸರಿಗೂ ಸಾರ್ವಜನಿಕ ದಾಖಲೆ ಇರುತ್ತದೆ, ಹೊಲಕ್ಕೆ ಪಹಣಿ ಇರುವಂತೆ. 2018ರಲ್ಲಿ ಯುರೋಪಿನಲ್ಲಿ ಖಾಸಗಿ ಮಾಹಿತಿಯ ರಕ್ಷಣೆಯ ಕಾನೂನು ಜಾರಿಗೆ ಬಂದಂದಿನಿಂದ ಡಾಟ್ ಕಾಮ್ ಹೆಸರುಗಳ ದಾಖಲೆಯಲ್ಲಿ ಒಡೆಯನ ಹೆಸರು, ವಿಳಾಸ ಹೆಚ್ಚಾಗಿ ಕಾಣುವುದಿಲ್ಲ. ಆದರೆ ಹೆಸರು ಹುಟ್ಟಿದ ದಿನಾಂಕ ಕಾಣುತ್ತದೆ. ಪ್ರಮಾಣಪತ್ರ ಕೊಟ್ಟ ಆ ಸಂಸ್ಥೆ ತನ್ನ ಪುಟದಲ್ಲಿ ಇಪ್ಪತ್ತು ವರ್ಷಗಳ ಅನುಭವ ಹೇಳಿಕೊಂಡಿತ್ತು. ಅದರ ವಿಳಾಸ ನೋಂದಣಿಯಾಗಿ ಇಪ್ಪತ್ತಮೂರು ದಿನಗಳಾಗಿದ್ದವು. ಕೊಳ್ಳುವವನೂ ಬೆಲೆ ಕಟ್ಟುವವನೂ ಒಬ್ಬನೇ ಎಂಬುದಕ್ಕೆ ಬೇರೆ ಸಾಕ್ಷಿ ನನಗೆ ಬೇಕಿರಲಿಲ್ಲ. ಅಂದಹಾಗೆ, ಅಂದಾಜು ಬೆಲೆಯನ್ನು ಪುಕ್ಕಟೆಯಾಗಿ ತೋರಿಸುವ ನೋಂದಣಿ ಸಂಸ್ಥೆಗಳಿವೆ. ಟ್ರೇಡ್‌ಮಾರ್ಕುಗಳನ್ನು ನಮ್ಮ ಸರ್ಕಾರದ ಕಚೇರಿಯ ಜಾಲತಾಣದಲ್ಲಿ ಯಾರು ಬೇಕಾದರೂ ಹಣವಿಲ್ಲದೆ ಹುಡುಕಬಹುದು.

ಆದರೂ ನನ್ನ ಹಳೆಯ ತೀರ್ಪಿನ ನೋವು ಮನಸ್ಸಿನಲ್ಲಿದ್ದುದರಿಂದ, ಈ ಸಲ ಉತ್ತರ ಬರೆಸದೆ ಬಿಡಲಿಲ್ಲ. ಪತ್ರಕ್ಕೆ ಉತ್ತರ ಬರೆಯುವುದರಿಂದ ಹಣ ಹೋಗುವುದಿಲ್ಲ. ನಾಲ್ಕು ಸಾಲು ಬರೆಸಿದೆ: ಮಾರಲು ಸಿದ್ಧ, ಮೌಲ್ಯಮಾಪನ ಬೇಕಾದರೆ ನೀವೇ ಮಾಡಿಸಿಕೊಳ್ಳಿ, ಹಣವನ್ನು ಎಲ್ಲರಿಗೂ ಪರಿಚಿತವಾದ ಮಧ್ಯಸ್ಥ ಸಂಸ್ಥೆಯಲ್ಲಿ ಇಡಿ, ಸಂಸ್ಥೆಯನ್ನು ನಾವು ಆರಿಸುತ್ತೇವೆ. ಮಧ್ಯಸ್ಥ ಎಂದರೆ ನಮ್ಮ ಮಂಡಿಯ ಅಡತ್ ಅಂಗಡಿಯವನ ಹಾಗೆ, ಇಬ್ಬರ ನಡುವೆ ನಿಂತವನು. ಕೊಳ್ಳುವವನು ಹಣವನ್ನು ಅವನಲ್ಲಿ ಇಡುತ್ತಾನೆ. ಹಣ ಬಂದಿದೆಯೆಂದು ಅವನು ತಿಳಿಸಿದ ಮೇಲೆ ಮಾರುವವನು ಹೆಸರನ್ನು ವರ್ಗಾಯಿಸುತ್ತಾನೆ. ಹೆಸರು ಕೈಸೇರಿತೆಂದು ಕೊಳ್ಳುವವನು ಒಪ್ಪಿದ ಬಳಿಕ ಹಣ ಮಾರುವವನಿಗೆ ಸಲ್ಲುತ್ತದೆ. ಇದರಲ್ಲಿಯೂ ಒಂದು ಮೋಸ ಉಂಟು. ಮಧ್ಯಸ್ಥನ ಪುಟವನ್ನೇ ನಕಲಿ ಮಾಡಿ, ಅದರ ಕೊಂಡಿಯನ್ನು ಪತ್ರದಲ್ಲಿ ಕಳಿಸುತ್ತಾರೆ. ಆದುದರಿಂದ ಕೊಂಡಿಯನ್ನು ಒತ್ತದೆ, ವಿಳಾಸವನ್ನು ನಮ್ಮ ಕೈಯಿಂದಲೇ ಬರೆದು ಹೋಗಬೇಕು. ಹಣ ಮಧ್ಯಸ್ಥನಲ್ಲಿ ಬಂದು ಕೂರುವವರೆಗೆ ವರ್ಗಾವಣೆಯ ಗುಪ್ತ ಸಂಕೇತವನ್ನು ಯಾರಿಗೂ ಕೊಡಬಾರದು. ಅದು ಮನೆಯ ಕೀಲಿಕೈ ಇದ್ದಂತೆ. ಹಣ ಪಡೆಯಲು ಯುಪಿಐ ಪಿನ್ ಒತ್ತು ಎಂದು ಯಾರಾದರೂ ಹೇಳಿದರೆ ಮಾತು ಅಲ್ಲಿಗೇ ಮುಗಿಯಿತು. ಹಣ ಪಡೆಯುವುದಕ್ಕೆ ಪಿನ್ ಬೇಕಾಗುವುದೇ ಇಲ್ಲ.

ಇನ್ನೊಂದು ಸಂಗತಿ. ಪತ್ರ ನಿಜವಾಗಿದ್ದು, ಬರೆದವನು ಪ್ರಸಿದ್ಧ ಮುದ್ರೆಯ ಒಡೆಯನಾಗಿದ್ದರೆ ಬಾಯಿಗೆ ಬಂದ ಬೆಲೆ ಹೇಳುವುದೂ ಅಪಾಯ. ಡೊಮೇನ್ ಹೆಸರಿಗೂ ವ್ಯಾಪಾರಮುದ್ರೆಯಂತೆಯೇ ರಕ್ಷಣೆ ಉಂಟೆಂದು ನಮ್ಮ ಸುಪ್ರೀಂ ಕೋರ್ಟು 2004ರಲ್ಲಿ ಸತ್ಯಂ ಇನ್ಫೋವೇ ಪ್ರಕರಣದಲ್ಲಿ ತೀರ್ಪಿತ್ತಿದೆ. ಇತರರ ಮುದ್ರೆಯನ್ನು ಅವರಿಗೇ ಹೆಚ್ಚಿನ ಬೆಲೆಗೆ ಮಾರಲೆಂದು ನೋಂದಾಯಿಸಿದವನನ್ನು ಅಂತರರಾಷ್ಟ್ರೀಯ ನಿಯಮಗಳು ದುರುದ್ದೇಶದವನೆಂದೇ ಎಣಿಸುತ್ತವೆ. ತನ್ನ ಮನೆತನದ ಹೆಸರಿನಲ್ಲಿ ಹತ್ತು ವರ್ಷ ಕಲ್ಲು ಮಾರಿದ ನನ್ನ ಅಳಿಯನಿಗೆ ಆ ಭಯವಿಲ್ಲ. ಸುಮ್ಮನೆ ಹೆಸರುಗಳನ್ನು ಹಿಡಿದು ಕೂತವರು ಯೋಚಿಸಬೇಕು.

ನಾವು ಬರೆದ ನಾಲ್ಕು ಸಾಲಿಗೆ ಎರಡು ದಿನಗಳಲ್ಲಿ ಉತ್ತರ ಬಂತು. ಹೂಡಿಕೆದಾರರಿಗೆ ಬೇಸರವಾಗಿದೆ, ಆದರೆ 310 ಡಾಲರಿನಲ್ಲಿ ಅರ್ಧವನ್ನು ತಾವೇ ಹೊರಲು ಸಿದ್ಧ, ಇಪ್ಪತ್ತನಾಲ್ಕು ಗಂಟೆಯೊಳಗೆ ಉಳಿದರ್ಧ ಕಟ್ಟಿ ಎಂದಿತ್ತು. ನಾವು ಅದೇ ನಾಲ್ಕು ಸಾಲನ್ನು ಮತ್ತೆ ಕಳಿಸಿದೆವು. ಆಮೇಲೆ ಪತ್ರವಿಲ್ಲ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ದಾಖಲಿಸಿದೆವು. ಹಣ ಹೋದ ಕೂಡಲೇ ತಿಳಿಸಿದರೆ ಬ್ಯಾಂಕುಗಳಲ್ಲಿ ಅದನ್ನು ತಡೆಹಿಡಿಯುವ ಸಾಧ್ಯತೆ ಇರುತ್ತದೆ. ಅಳಿಯ ಹಣ ಕಟ್ಟಿ ಆಗಲೇ ಒಂಬತ್ತು ದಿನಗಳಾಗಿದ್ದವು. ಆ ಹನ್ನೊಂದೂವರೆ ಸಾವಿರ ಮರಳಲಿಲ್ಲ.

ಊರಿಗೆ ಹೊರಡುವ ಮುನ್ನ ಅಳಿಯನಿಗೆ ಇನ್ನೊಂದು ಪತ್ರ ಬರೆಯಲು ಹೇಳಿದೆ, ಪುಣೆಯ ಆ ವ್ಯಾಪಾರಿಗೆ. 2016ರ ಮಿಂಚಂಚೆ ಅವನ ಫೋನಿನಲ್ಲಿ ಇನ್ನೂ ಉಳಿದಿತ್ತು. ಏಳು ವರ್ಷ ತಡವಾಗಿ ಉತ್ತರಿಸುತ್ತಿದ್ದೇನೆ, ನೀವು ಕೇಳಿದ ಹೆಸರು ಈಗ ನನ್ನಲ್ಲಿಲ್ಲ, ಅಂದು ತಪ್ಪಾಗಿ ತಿಳಿದುಕೊಂಡೆವು ಎಂದು ಮಾತ್ರ ಬರೆದ. ಬಹಳ ದಿನ ಏನೂ ಬರಲಿಲ್ಲ. ದೀಪಾವಳಿಯ ಮುಂಚೆ ಒಂದು ಸಂದೇಶ ಬಂತು. ಹಿಂದಿನ ಹಾಗೆಯೇ ಎರಡು ಸಾಲು: ಹೆಸರು ಬೇಕಿಲ್ಲ, ಎರಡಡಿ ಚದರದ ಪಾಲಿಶ್ ಕಲ್ಲು ಒಂದು ಲಾರಿಗೆ ಏನು ದರ? ಅಳಿಯ ಅದನ್ನು ಹಾಗೆಯೇ ನನ್ನ ಫೋನಿಗೆ ಕಳಿಸಿ, "ಮಾಮಾ, ಇದು ಖರೇನೋ ಸುಳ್ಳೋ?" ಎಂದು ಕೇಳಿದ್ದ.

"ಕೆಳಗ ನಂಬರ್ ಅದ. ಫೋನ್ ಮಾಡು" ಎಂದೆ.